ಮುಂದಿನ ಸೀಟಿನ ನಾಬ್

ಹನ್ನೆರಡು ವರ್ಷದ ಹಿಂದೆ, ನಮ್ಮ ಗಾಡಿ ಮೊದಲ ಸಲ ಮನೆಯ ಮುಂದೆ ಬಂದು ನಿಂತ ದಿನ, ನನ್ನ ಗಂಡ ಭೆಕುಯಿಸೆ ತನ್ನ ತಾಯಿಗೆ ಒಂದು ಮಾತು ಕೊಟ್ಟ.

"ಅಮ್ಮಾ, ನೀನು ಈ ಗಾಡೀಲಿ ಕೂತಿರೋವಷ್ಟು ಹೊತ್ತು ಸದ್ದಿನ ಮೇಲೆ ನಿನ್ನ ಕೈ ಬಿಟ್ರೆ ಬೇರೆ ಯಾರ ಕೈಯೂ ಇರಲ್ಲ."

ಆ ಮಾತು ಸುಮ್ಮನೆ ಬಂದದ್ದಲ್ಲ. ಟ್ಯಾಕ್ಸಿಯಾಗಿ ಓಡಿಸಲು ಕೊಂಡ ಹದಿನಾರು ಸೀಟಿನ ಆ ಹಳೇ ವ್ಯಾನಿನ ಮುಂಗಡಕ್ಕೆ ಅತ್ತೆ ತಮ್ಮ ತವರಿನಲ್ಲಿ ಮೇಯುತ್ತಿದ್ದ ಎರಡು ಹಸುಗಳನ್ನು ಮಾರಿದ್ದರು. ಹೊಸ ಬಟ್ಟೆ ಉಟ್ಟು ಮುಂದಿನ ಸೀಟಿಗೆ ಹತ್ತಿದರು. ಹತ್ತಿದ ತಕ್ಷಣ ರೇಡಿಯೋ ಕಿರುಚಿಕೊಂಡಿತು. ಅತ್ತೆ ಇಳಿದುಬಿಟ್ಟರು.

"ನನ್ನ ಹಸುಗಳು ಯಾವತ್ತೂ ಇಷ್ಟು ಅರಚ್ತಿರಲಿಲ್ಲ" ಅಂದರು.

ಬೀದಿಯವರೆಲ್ಲ ನೋಡುತ್ತಿದ್ದರು. ಆಗ ಗಂಡ ಆ ಮಾತು ಕೊಟ್ಟು ಅವರನ್ನು ಮತ್ತೆ ಹತ್ತಿಸಿದ. ಹನ್ನೊಂದು ವರ್ಷ ಆ ಮಾತಿನಿಂದ ಯಾರಿಗೂ ತೊಂದರೆ ಆಗಲಿಲ್ಲ. ಗಾಡಿಯಲ್ಲಿ ಇದ್ದದ್ದು ಒಂದು ರೇಡಿಯೋ, ಹರಿದುಹೋದ ಎರಡು ಸ್ಪೀಕರ್. ಅತ್ತೆ ಹತ್ತುತ್ತಿದ್ದರು, ರೇಡಿಯೋ ಸಣ್ಣ ಮಾಡುತ್ತಿದ್ದರು, ಕಣ್ಣು ಮುಚ್ಚುತ್ತಿದ್ದರು.

ಆಮೇಲೆ ಗಂಡನ ಬಲ ಮೊಣಕಾಲು ಕೆಟ್ಟಿತು. ಬ್ರೇಕ್ ತುಳಿಯಲು ಆಗದೆ ಅವನು ಟ್ಯಾಕ್ಸಿ ನಿಲ್ದಾಣದಲ್ಲಿ ಸೀಟಿ ಊದುತ್ತ ಪ್ರಯಾಣಿಕರ ಸಾಲು ನಿಲ್ಲಿಸುವ ಕೆಲಸ ಹಿಡಿದ. ಸ್ಟಿಯರಿಂಗ್ ನಮ್ಮ ಮಗ ಜಖೇಲೆಯ ಕೈಗೆ ಹೋಯಿತು. ಅವನಿಗೆ ಇಪ್ಪತ್ತಮೂರು.

ನಮ್ಮ ಊರು ಉಮ್ಲಾಜಿಯಲ್ಲಿ ಹೈಸ್ಕೂಲು ಮಕ್ಕಳು ಗಾಡಿಯನ್ನು ಕಣ್ಣಿನಿಂದ ನೋಡಿ ಹತ್ತುವುದಿಲ್ಲ, ಹೊಟ್ಟೆಯಿಂದ ಕೇಳಿ ಹತ್ತುತ್ತಾರೆ. ಎರಡು ಬೀದಿ ಆಚೆ ಸ್ಪೀಕರಿನ ಬೇಸ್ ಗುದ್ದಿದರೆ ಸಾಕು, ಇಲ್ಲಿ ಚೀಲ ಹೆಗಲೇರಿಸುತ್ತಾರೆ. ಸೊಖುಲು ಅನ್ನುವವನ ಗಾಡಿ ಹಾಗೆ ಗುದ್ದುತ್ತಿತ್ತು. ನಮ್ಮದು ಕೆಮ್ಮುತ್ತಿತ್ತು. ಜಖೇಲೆ ಎಂಟು ತಿಂಗಳು ಹೊಸ ಷೂ ಕೊಳ್ಳದೆ, ಒಂದು ಶನಿವಾರ ಪಕ್ಕದ ಚಾಟ್ಸ್‌ವರ್ತಿನಲ್ಲಿ ಪಿಳ್ಳೈಯ ಸ್ಪೀಕರ್ ಅಂಗಡಿಗೆ ಗಾಡಿ ಒಯ್ದ. ತಿರುಗಿ ಬಂದಾಗ ಹಿಂದಿನ ಸೀಟಿನ ಕೆಳಗೆ ಶವಪೆಟ್ಟಿಗೆಯಂಥ ಒಂದು ಸ್ಪೀಕರ್ ಡಬ್ಬವಿತ್ತು. ಅದರ ಪಕ್ಕದಲ್ಲಿ ಬ್ರೆಡ್ಡಿನ ಗಾತ್ರದ ಆಂಪ್ಲಿಫೈಯರ್.

ಸೋಮವಾರ ಬೆಳಿಗ್ಗೆ ಐದೂಮುಕ್ಕಾಲಿಗೆ ನಾನು ಗಂಜಿ ಕಲಕುತ್ತಿದ್ದೆ. ಹೊರಗೆ ಜಖೇಲೆ ಗಾಡಿ ಶುರು ಮಾಡಿದ. ಬೀರುವಿನಲ್ಲಿ ತಟ್ಟೆಗಳು ಒಂದಕ್ಕೊಂದು ಮಾತಾಡತೊಡಗಿದವು. ಅತ್ತೆಯ ಚಹಾದ ಲೋಟ ತಾನಾಗಿಯೇ ಮೇಜಿನ ಅಂಚಿನ ಕಡೆಗೆ ಹೊರಟಿತು.

"ಮಾಸಿತೋಲೆ, ನನ್ನ ಚಹಾ ಎಲ್ಲಿಗೆ ಹೋಗ್ತಾ ಇದೆ?" ಅತ್ತೆ ನನ್ನನ್ನು ಕರೆಯುವುದು ನನ್ನ ತವರಿನ ಹೆಸರಿನಿಂದಲೇ.

"ಹಿಡ್ಕೊಳ್ಳಿ ಅಮ್ಮ."

"ಲೋಟ ಹಿಡ್ಕೋಬಹುದು. ಹಲ್ಲು ಹೇಗೆ ಹಿಡ್ಕೊಳ್ಳಲಿ?"

ಅತ್ತೆಯದು ಕಟ್ಟಿಸಿದ ಹಲ್ಲು.

ಆ ವಾರ ಹದಿಮೂರು ಮಕ್ಕಳು ನಮ್ಮ ಗಾಡಿಗೆ ಬಂದರು. ಜಖೇಲೆ ಮನೆಯಲ್ಲಿ ಶಿಳ್ಳೆ ಹಾಕುತ್ತ ಓಡಾಡಿದ, ಹೇಳದೆಯೇ ಕಸದ ಚೀಲ ಹೊರಗಿಟ್ಟ. ಆದರೆ ವಾರದಲ್ಲಿ ಗುರುವಾರವೂ ಒಂದು ಇರುತ್ತದಲ್ಲ.

ಗುರುವಾರ ಮಧ್ಯಾಹ್ನ ಚರ್ಚಿನ ಪ್ರಾರ್ಥನಾ ತಾಯಂದಿರ ಸಭೆ. ಕೆಂಪು ರವಿಕೆ, ಕರಿ ಲಂಗ, ಬಿಳಿ ಟೋಪಿ. ನಮ್ಮ ಬೀದಿಯ ತಾಯಂದಿರನ್ನು ಕರೆದೊಯ್ಯುವುದು ನಮ್ಮ ಗಾಡಿಯೇ. ಮುಂದಿನ ಸೀಟಿನಲ್ಲಿ ಅತ್ತೆ. ಸಭೆಯಲ್ಲಿ ಪ್ರತಿ ಕೀರ್ತನೆಯ ಮೊದಲ ಸಾಲು ಎತ್ತಿಕೊಡುವವರು ಅವರು, ಇಪ್ಪತ್ತಾರು ವರ್ಷದಿಂದ. ಅವರು ಎತ್ತುತ್ತಾರೆ, ನಲವತ್ತು ಹೆಂಗಸರು ಹಿಂದೆ ಬರುತ್ತಾರೆ. ದಾರಿಯಲ್ಲಿ ಗಾಡಿಯ ರೇಡಿಯೋದಲ್ಲಿ ಕೀರ್ತನೆ ಹಾಕಿಸಿಕೊಂಡು ಗಂಟಲು ಹದ ಮಾಡಿಕೊಳ್ಳುವುದು ಅವರ ರೂಢಿ.

ಆ ಗುರುವಾರ ರಾತ್ರಿಯೂಟಕ್ಕೆ ಮೆಕ್ಕೆಜೋಳದ ಉದುರು ಉಪ್ಪಿಟ್ಟಿನಂಥ ಉಫುತು, ಹುರುಳಿಕಾಳಿನ ಸಾರು. ಅತ್ತೆ ಚಮಚ ಮುಟ್ಟಲಿಲ್ಲ.

"ಕೀರ್ತನೆ ಹಾಕು ಅಂದೆ. ಕೀರ್ತನೆ ಬಂತು. ಜೊತೆಗೆ ಯಾರೋ ಕೆಳಗಿಂದ ಒದೀತಿದ್ರು."

"ಗೋಗೋ, ಅದು ಬೇಸ್" ಅಂದ ಜಖೇಲೆ. ಅಜ್ಜಿಯನ್ನು ಅವನು ಗೋಗೋ ಅಂತಲೇ ಕರೆಯುವುದು.

"ಏನಾದ್ರೂ ಆಗ್ಲಿ. ಒದೀತಿತ್ತು."

"ಹಾಗಾದ್ರೆ ಸಣ್ಣ ಮಾಡ್ಬೇಕಿತ್ತು. ರೇಡಿಯೋ ನಿನ್ನ ಕೈಗೇ ಸಿಗುತ್ತಲ್ಲ."

"ಮಾಡಿದೆ. ಒದೆಯೋನೂ ಹೋದ, ಹಾಡೋನೂ ಹೋದ. ನನಗೆ ಕೀರ್ತನೆ ಬೇಕು, ಗುದ್ದು ಬೇಡ." ಅತ್ತೆ ಮಗನ ಕಡೆ ತಿರುಗಿದರು. "ಭೆಕುಯಿಸೆ, ನೀನು ಹೇಳಿದ್ದೆ."

ಗಂಡ ಬಾಯಿ ತುಂಬ ಉಫುತು ಇಟ್ಟುಕೊಂಡಿದ್ದ. ಅದನ್ನು ಅಗಿಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡ.

"ಜಖೇಲೆ, ಅಜ್ಜಿ ಕೇಳಿದ್ದು ಮಾಡು."

"ಬಾಬಾ, ಬೇಸ್ ಇಲ್ದಿದ್ರೆ ಮಕ್ಕಳು ಸೊಖುಲು ಗಾಡಿಗೆ ಹೋಗ್ತಾರೆ."

"ಬೇಸ್ ತೆಗೀಬೇಡ. ಅಜ್ಜಿ ಕೈಗೆ ಕೊಡು."

ಹಾಗೆ ಬಂತು ಆ ನಾಬ್. ಪಿಳ್ಳೈ ಹತ್ತಿರ ಅಂಥದ್ದು ಇತ್ತಂತೆ. ಬೆಂಕಿಪೊಟ್ಟಣದಷ್ಟು ಡಬ್ಬಿ, ಅದರ ಮೇಲೊಂದು ದುಂಡನೆ ನಾಬ್. ಅದರಿಂದ ಫೋನಿನ ವೈರಿನಂಥ ಚಪ್ಪಟೆ ವೈರ್ ನೆಲದ ಹಾಸಿನ ಕೆಳಗೆ ಹರಿದು, ಹಿಂದಿನ ಸೀಟಿನ ಕೆಳಗಿರುವ ಆಂಪ್ಲಿಫೈಯರಿಗೆ ಹೋಗಿ ಚುಚ್ಚಿಕೊಳ್ಳುತ್ತದೆ. ಜಖೇಲೆ ಅದನ್ನು ಅತ್ತೆಯ ಮೊಣಕಾಲಿನ ಎದುರಿಗೆ ಕೂರಿಸಿದ.

"ನೋಡು ಗೋಗೋ. ಇದು ಹಾಡು ಮುಟ್ಟಲ್ಲ. ಬರೀ ಗುದ್ದು. ಈ ಕಡೆ ತಿರುಗ್ಸಿದ್ರೆ ಗುದ್ದು ಸಾಯುತ್ತೆ, ಆ ಕಡೆ ತಿರುಗ್ಸಿದ್ರೆ ಎದ್ದು ಬರುತ್ತೆ."

"ಎಷ್ಟು ಎದ್ದು ಬರುತ್ತೆ?"

"ಪಿಳ್ಳೈ ಆಂಪ್ ಮೇಲೆ ಸ್ಕ್ರೂಡ್ರೈವರ್‌ನಲ್ಲಿ ಎಷ್ಟು ಇಟ್ಟಿದ್ದಾನೋ ಅಷ್ಟೇ. ಅದಕ್ಕಿಂತ ಮೇಲೆ ಏರ್ಸೋಕೆ ಇದರಿಂದ ಆಗಲ್ಲ. ಇದು ಇಳಿಸೋಕೆ ಮಾತ್ರ ಇರೋದು."

"ವೈರ್ ಕಿತ್ತೋದ್ರೆ ಏನಾಗುತ್ತೆ, ಸತ್ತೋಗುತ್ತಾ?" ನನ್ನ ಗಂಡ ಕೇಳಿದ.

"ಇಲ್ಲ ಬಾಬಾ, ಉಲ್ಟಾ. ನಾಬ್ ಒಂದು ಇತ್ತು ಅನ್ನೋದನ್ನೇ ಆಂಪ್ ಮರೆತುಬಿಡುತ್ತೆ. ಪಿಳ್ಳೈ ಇಟ್ಟ ಪೂರ್ತಿ ಸದ್ದು ಬರುತ್ತೆ."

ಗಂಡ "ಹೌದಾ" ಅಂದ. ಆ ಮಾತನ್ನು ಅವನು ಎಲ್ಲೋ ಒಳಗೆ ಎತ್ತಿಟ್ಟುಕೊಂಡ ಅಂತ ನನಗೆ ಆಗ ಹೊಳೆಯಲಿಲ್ಲ.

ಮುಂದಿನ ಗುರುವಾರ ಅತ್ತೆ ನಾಬ್ ತಿರುಗಿಸಿದರು, ಗುದ್ದು ಸತ್ತಿತು, ಕೀರ್ತನೆ ಉಳಿಯಿತು. ಮನೆಗೆ ಬಂದು ಎರಡು ತಟ್ಟೆ ಉಂಡರು. ಅಲ್ಲಿಗೇ ನಿಂತಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಮಂಗಳವಾರ ಅತ್ತೆಗೆ ರಕ್ತದೊತ್ತಡದ ಮಾತ್ರೆಗೆ ಕ್ಲಿನಿಕ್ಕಿಗೆ ಹೋಗಬೇಕಿತ್ತು. ಬೆಳಗಿನ ಶಾಲೆಯ ಸವಾರಿಯಲ್ಲೇ ಹತ್ತಿದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗಕ್ಕೆ ಹೋಗಲು ನಾನೂ ದಿನಾ ಅದರಲ್ಲೇ ಹಿಂದೆ ಕೂರುತ್ತೇನೆ. ಅತ್ತೆ ಕೂತ ತಕ್ಷಣ ರೂಢಿಯಂತೆ ನಾಬ್ ತಿರುಗಿಸಿದರು. ಗಾಡಿ ತಣ್ಣಗಾಯಿತು. ಮಕ್ಕಳು ಹತ್ತಿ ಮುಖ ಮುಖ ನೋಡಿಕೊಂಡರು.

"ಮಾಲುಮೆ ಜಖೇಲೆ, ಬೇಸ್ ಎಲ್ಲಿ?" ಫಿಂದಿಲೆ ಅನ್ನುವ ಹುಡುಗಿ ಕೇಳಿದಳು. ಡ್ರೈವರನನ್ನು ಮಕ್ಕಳು ಸೋದರಮಾವ ಅಂತಲೇ ಕರೆಯುವುದು.

"ನನ್ನ ಕೇಳ್ಬೇಡ. ಅಜ್ಜೀನ ಕೇಳು."

ಫಿಂದಿಲೆ ಮುಂದೆ ಬಗ್ಗಿದಳು. "ಗೋಗೋ, ಬೇಸ್ ಕೊಡ್ತೀರಾ?"

"ನನಗೆ ನಮಸ್ಕಾರ ಹೇಳಿದ್ಯಾ?"

"ನಮಸ್ಕಾರ ಗೋಗೋ."

ಅತ್ತೆ ನಾಬನ್ನು ಕೂದಲೆಳೆಯಷ್ಟು ತಿರುಗಿಸಿದರು. ಡಬ್ಬ ಒಂದು ಸಲ "ದುಂ" ಅಂದಿತು. ಮಕ್ಕಳು ಹೋ ಎಂದರು. ಅತ್ತೆ ತಿರುಗಿ ನೋಡಿದ ಮುಖವನ್ನು ನಾನು ಮರೆಯುವುದಿಲ್ಲ. ಎಪ್ಪತ್ತೊಂದು ವರ್ಷದಲ್ಲಿ ಇಷ್ಟೊಂದು ಜನ ತಮ್ಮ ಬೆರಳನ್ನೇ ನೋಡುತ್ತ ಕೂತದ್ದು ಅವರಿಗೆ ಅದೇ ಮೊದಲು.

ಮಾರನೆಯ ದಿನ ಕ್ಲಿನಿಕ್ ಇರಲಿಲ್ಲ. ಆದರೂ ಆರು ಗಂಟೆಗೆ ಅತ್ತೆ ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ ಗೋಗೋ?" ಜಖೇಲೆಯ ದನಿ ಆಗಲೇ ಇಳಿದಿತ್ತು.

"ಗಾಳಿಗೆ."

ಅವತ್ತಿನಿಂದ ದಿನಾ ಗಾಳಿಗೆ. ಬೇಸಿಗೆ ಬೆಲೆ ಕಟ್ಟಿದರು. ಅಂಗಿ ಒಳಗೆ ಸೇರಿಸಿದರೆ ಇಷ್ಟು. ಟೈ ಸರಿಯಿದ್ದರೆ ಇನ್ನಿಷ್ಟು. ಎಲ್ಲರ ಮನೆಪಾಠ ಮುಗಿದಿದ್ದರೆ ಅರ್ಧ ತಿರುವು. ಸಾಂಡಿಲೆ ಅನ್ನುವ ಹುಡುಗ ಕಿಟಕಿಯಿಂದ ಕಿತ್ತಳೆ ಸಿಪ್ಪೆ ಎಸೆದದ್ದಕ್ಕೆ ಇಡೀ ಗಾಡಿಗೆ ಎರಡು ದಿನ ಬೇಸ್ ಇಲ್ಲ. ಕೆಲವರಿಗೆ ಇದು ಆಟವಾಯಿತು. ಉಳಿದವರು ಸೊಖುಲು ಗಾಡಿಗೆ ಹೋದರು. ಅಲ್ಲಿ ಅಂಗಿ ಹೊರಗಿದ್ದರೂ ಬೇಸ್ ಬರುತ್ತಿತ್ತು. ಹದಿಮೂರು ಮಕ್ಕಳು ಹತ್ತಾದರು, ಏಳಾದರು.

ಭಾನುವಾರದ ಊಟಕ್ಕೆ ಅನ್ನ, ಕೋಳಿ, ಬೀಟ್‌ರೂಟ್, ಸಿಹಿಗುಂಬಳ ಎಲ್ಲ ಮಾಡಿದ್ದೆ. ಅತ್ತೆ ಚರ್ಚಿನಿಂದ ಬಂದು ಉಂಡು ಮಲಗಿದರು. ಗೊರಕೆ ಶುರುವಾದ ಮೇಲೆ ಜಖೇಲೆ ಬಾಯಿ ಬಿಟ್ಟ.

"ಬಾಬಾ, ಇನ್ನೊಂದು ವಾರ ಹೀಗೇ ಆದ್ರೆ ನಾನು ಸೊಖುಲು ಹತ್ರ ಡ್ರೈವರ್ ಆಗಿ ಸೇರ್ಕೋತೀನಿ. ನಮ್ಮ ಮಕ್ಕಳೆಲ್ಲ ಅಲ್ಲೇ ಇದ್ದಾರೆ."

"ಅಜ್ಜಿಗೆ ಹೇಳು."

"ಮಾತು ಕೊಟ್ಟಿದ್ದು ನಾನಾ? ನೀನು ಹೇಳು."

"ಗುರುವಾರಕ್ಕೆ ಅಂತ ಕೊಟ್ಟ ಮಾತು ಅದು."

"ಗುರುವಾರ ಅಂತ ಹೇಳಿದ್ಯಾ?"

"ಹೇಳ್ಲಿಲ್ಲ" ಅಂದ ಗಂಡ. ಕೋಳಿಯ ಮೂಳೆಯನ್ನು ತಟ್ಟೆಯಲ್ಲಿ ಎರಡು ಸಲ ತಿರುಗಿಸಿದ. ಆಮೇಲೆ ಎದ್ದು, "ಮಾಸಿತೋಲೆ, ನಿನ್ನ ಫೋನಿನಲ್ಲಿ ಟಾರ್ಚ್ ಇದ್ಯಾ?" ಅಂದ.

ಗಾಡಿಯೊಳಗೆ ಅವನು ಒಳ್ಳೆಯ ಕಾಲಿನ ಮೇಲೆ ಬಗ್ಗಿ, ಕೆಟ್ಟ ಕಾಲನ್ನು ಬಾಗಿಲಿನಿಂದ ಹೊರಗೆ ಚಾಚಿ, ಹಿಂದಿನ ಸೀಟಿನ ಕೆಳಗೆ ತಲೆ ತೂರಿಸಿದ. ನಾನು ಬೆಳಕು ಹಿಡಿದೆ.

"ಜಖೇಲೆ ಅಪ್ಪಾ, ಇದು ಸರಿಯಲ್ಲ ಅನ್ಸುತ್ತೆ."

"ಬೆಳಕು ಅಲ್ಲಾಡಿಸ್ಬೇಡ."

"ಅಮ್ಮನಿಗೆ ಗೊತ್ತಾದ್ರೆ?"

"ನಾಬ್ ಅಲ್ಲೇ ಇರುತ್ತೆ. ಅವಳ ಕೈಯೂ ಅದರ ಮೇಲೇ ಇರುತ್ತೆ. ನಾನು ಕೊಟ್ಟ ಮಾತಲ್ಲಿ ವೈರಿನ ವಿಷಯ ಇರಲಿಲ್ಲ." ಟಕ್ ಅಂತ ಸಣ್ಣ ಸದ್ದಾಯಿತು. "ಗುರುವಾರ ಮಧ್ಯಾಹ್ನ ಬಂದು ಮತ್ತೆ ಸಿಗಿಸ್ತೀನಿ. ಸಂಜೆ ತೆಗೀತೀನಿ. ಅವಳ ಗುರುವಾರ ಅವಳಿಗೆ."

ಬಾಗಿಲಲ್ಲಿ ನಿಂತಿದ್ದ ಜಖೇಲೆ, "ನಾನೇನೂ ನೋಡಿಲ್ಲ" ಅಂದು ಒಳಗೆ ಹೋದ. ನಾನೂ ಸುಮ್ಮನಾದೆ. ಮನೆಯಲ್ಲಿ ಎರಡು ದಿನ ಜಗಳವಿಲ್ಲದೆ ಇದ್ದರೆ ಇಸ್ತ್ರಿ ಮುಗಿಸಬಹುದು ಅನ್ನುವುದಷ್ಟೇ ಆಗ ನನ್ನ ತಲೆಯಲ್ಲಿ ಇದ್ದದ್ದು.

ಸೋಮವಾರ ಸಾಂಡಿಲೆ ಅಂಗಿ ಹೊರಗೆ ಬಿಟ್ಟುಕೊಂಡೇ ಹತ್ತಿದ. ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿ ನಾಬನ್ನು ಸೊನ್ನೆಗೆ ತಿರುಗಿಸಿದರು. ಡಬ್ಬ ಗುದ್ದಿತು. ನನ್ನ ಬೆನ್ನುಮೂಳೆಯಲ್ಲೇ ಗುದ್ದಿತು. ಅತ್ತೆ ಇನ್ನೊಮ್ಮೆ ತಿರುಗಿಸಿದರು, ಮತ್ತೆ ಆ ಕಡೆ, ಮತ್ತೆ ಈ ಕಡೆ. ಗುದ್ದು ಒಂದಿಷ್ಟೂ ಕದಲಲಿಲ್ಲ.

"ಗೋಗೋ!" ಫಿಂದಿಲೆ ಕಿರುಚಿದಳು. "ಪೂರ್ತಿ ಕೊಟ್ಬಿಟ್ರಿ! ಥ್ಯಾಂಕ್ಯೂ ಗೋಗೋ!"

"ಥ್ಯಾಂಕ್ಯೂ ಗೋಗೋ!" ಎಲ್ಲರೂ ಕೂಗಿದರು. ಸಾಂಡಿಲೆ ನಾಚಿಕೊಂಡು ತಾನಾಗಿಯೇ ಅಂಗಿ ಒಳಗೆ ತುರುಕಿಕೊಂಡ.

ಅತ್ತೆ ಮುಂದೆ ನೋಡುತ್ತ ಕೂತರು. ನಾಬಿನ ಮೇಲಿನ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಲೆಯನ್ನು ಒಂದು ಸಲ ಆಡಿಸಿದರು, ಆಗಲಿ ಮಕ್ಕಳೇ ಅನ್ನುವ ಹಾಗೆ.

ಅವತ್ತು ಸಂಜೆ ಗಂಡ ಊಟಕ್ಕೆ ಕೂತದ್ದು ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ. ಅತ್ತೆ ಕೋಸಿನ ಪಲ್ಯದಲ್ಲಿ ಉಪ್ಪು ಕಡಿಮೆ ಅಂದರು. ಬೇರೇನೂ ಹೇಳಲಿಲ್ಲ. ಮಂಗಳವಾರ ಹೇಳಲಿಲ್ಲ, ಬುಧವಾರ ಹೇಳಲಿಲ್ಲ. ದಿನಾ ಬೆಳಿಗ್ಗೆ ಟೋಪಿ ಹಾಕಿಕೊಂಡು ಹತ್ತುತ್ತಿದ್ದರು, ನಾಬ್ ತಿರುಗಿಸುತ್ತಿದ್ದರು, ಥ್ಯಾಂಕ್ಯೂ ತೆಗೆದುಕೊಳ್ಳುತ್ತಿದ್ದರು. ಮಕ್ಕಳು ವಾಪಸ್ ಬಂದರು. ಹನ್ನೊಂದು, ಹದಿಮೂರು.

"ನೋಡಿದ್ಯಾ? ಅವಳಿಗೂ ಖುಷಿ" ಅಂದ ಗಂಡ. ಹಾಗಂದರೂ ಬಾಗಿಲಿನ ಹತ್ತಿರದ ಕುರ್ಚಿ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಅವನು ನಿಲ್ದಾಣದಿಂದ ಕುಂಟುತ್ತ ಬಂದು, ಸೀಟಿನ ಕೆಳಗೆ ತೂರಿ, ವೈರ್ ಸಿಗಿಸಿದ. ಸಂಜೆ ಮತ್ತೆ ತೂರಿ ತೆಗೆದ. ಎರಡನೆಯ ಗುರುವಾರವೂ ಹಾಗೇ. ವಾರಕ್ಕೆ ಎರಡು ಸಲ ತೆವಳಿದ್ದಕ್ಕೆ ಮೊಣಕಾಲು ಸಿಹಿಗುಂಬಳದ ಹಾಗೆ ಊದಿಕೊಂಡಿತು. ಮೂರನೆಯ ಗುರುವಾರ ಬೆಳಿಗ್ಗೆ ಕಾಲು ಮಡಚಲು ಬಾರದೆ ಕ್ಲಿನಿಕ್ಕಿನ ಸಾಲಿನಲ್ಲಿ ಕೂತ.

ಅವತ್ತು ನನಗೆ ಎರಡು ಗಂಟೆಯ ಪಾಳಿ. ಹನ್ನೆರಡೂವರೆಗೆ ಫೋನ್ ಬಂತು.

"ಮಾಸಿತೋಲೆ, ನನ್ನ ಮುಂದೆ ಇನ್ನೂ ಮೂವತ್ತು ಜನ ಇದ್ದಾರೆ. ವೈರ್! ನೀನು ಹೋಗಿ ಸಿಗ್ಸು."

ಚಪ್ಪಲಿ ಕೈಯಲ್ಲಿ ಹಿಡಿದು ಓಡಿದೆ. ಗಾಡಿಯಲ್ಲಿ ಆಗಲೇ ತಾಯಂದಿರು ತುಂಬಿದ್ದರು. ಹಿಂದಿನ ಸೀಟಿನಲ್ಲಿ, ಆಂಪ್ಲಿಫೈಯರಿನ ಸರಿಯಾಗಿ ಮೇಲೆ, ಕರಿ ಲಂಗ ಹರಡಿಕೊಂಡು ಪಾದ್ರಿಯ ಹೆಂಡತಿ ಮಾಹದೇಬೆ ಕೂತಿದ್ದರು. ಅವರ ಕಾರು ಕೆಟ್ಟಿತ್ತಂತೆ. ಇಡೀ ಸಂಘಕ್ಕೆ ಅಧ್ಯಕ್ಷೆ ಅವರು.

"ಬಾ ಮಗಳೇ, ಜಾಗ ಇದೆ" ಅಂದರು.

ಅಧ್ಯಕ್ಷೆಯ ಲಂಗದ ಅಡಿಗೆ ಟಾರ್ಚ್ ಹಿಡಿದು ನುಗ್ಗುವುದು ಹೇಗೆ? ಪಕ್ಕದಲ್ಲಿ ಕೂತೆ. ಕನ್ನಡಿಯಲ್ಲಿ ಜಖೇಲೆಗೆ ಹುಬ್ಬು ಹಾರಿಸಿದೆ. ಅವನು ಅಪ್ಪ ಎಂದಿನಂತೆ ಸಿಗಿಸಿರುತ್ತಾನೆ ಅಂದುಕೊಂಡು ನನಗೆ ವಾಪಸ್ ಹುಬ್ಬು ಹಾರಿಸಿದ.

"ಕೀರ್ತನೆ ಹಾಕಪ್ಪ" ಅಂದರು ಅತ್ತೆ.

ಕೀರ್ತನೆ ಬಂತು. ಜೊತೆಗೆ ಭೂಮಿ ಬಂತು. ಮಾಹದೇಬೆಯವರ ಟೋಪಿ ಮೊದಲು ಹುಬ್ಬಿಗೆ ಇಳಿಯಿತು, ಆಮೇಲೆ ಮೂಗಿಗೆ. ನನ್ನ ಪಕ್ಕದ ಮುದುಕಿ "ಕರ್ತನೇ" ಅಂತ ಎದೆ ಹಿಡಿದುಕೊಂಡಳು. ಜಖೇಲೆ ಗಾಬರಿಯಾಗಿ ರೇಡಿಯೋ ಕಡೆ ಕೈ ಚಾಚಿದ. ಅತ್ತೆ ಆ ಕೈಗೆ ಫಟ್ ಅಂತ ಹೊಡೆದರು.

"ನಾನಿರುವಾಗ ಸದ್ದಿನ ಮೇಲೆ ಇನ್ನೊಬ್ಬರ ಕೈ ಇಲ್ಲ. ನಿಮ್ಮಪ್ಪನ ಮಾತು."

"ಮಾಶೆಜಿ!" ಮಾಹದೇಬೆ ಹಿಂದಿನಿಂದ ಅತ್ತೆಯನ್ನು ತವರಿನ ಹೆಸರು ಹಿಡಿದು ಕೂಗಿದರು. "ಸ್ವಲ್ಪ ಇಳಿಸಿ!"

ಅತ್ತೆಯ ಬೆರಳು ನಾಬಿನ ಮೇಲಿತ್ತು, ಸೊನ್ನೆಯಲ್ಲಿ. ಕನ್ನಡಿಯಲ್ಲಿ ನನ್ನನ್ನು ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಗುದ್ದಿಗಿಂತ ಜೋರಾಗಿ ಕೂಗಿ ಹೇಳಿದರು, "ಕ್ಷಮಿಸಿ ತಾಯಿ. ಇತ್ತೀಚೆಗೆ ನನಗೆ ಕಿವಿ ಮಂದ. ಇಷ್ಟಿದ್ರೇನೇ ಕೇಳೋದು."

ಹಿಂದೆ ಯಾರೋ ಏನೋ ಅಂದರು. ಅದು ಯಾರಿಗೂ ಕೇಳಲಿಲ್ಲ.

ಪಾಳಿ ಮುಗಿಸಿ ಮನೆಗೆ ಬಂದಾಗ ಅತ್ತೆ ಟೋಪಿ ತೆಗೆಯದೆ ಅಡಿಗೆಮನೆಯಲ್ಲಿ ಕೂತಿದ್ದರು. ಗಂಡ ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಬಾಗಿಲ ಹತ್ತಿರದ ಕುರ್ಚಿಯಲ್ಲಿ. ಜಖೇಲೆ ಯಾವತ್ತೂ ಇಲ್ಲದ ಹಾಗೆ ಪಾತ್ರೆ ತೊಳೆಯುತ್ತಿದ್ದ.

"ಅಮ್ಮ, ಚಹಾ ಕೊಡ್ಲಾ?"

"ಜೋರಾಗಿ ಹೇಳು. ನಾನು ಕಿವುಡಿ."

ನಾನು ನೀರು ಕಾಯಲು ಇಟ್ಟೆ.

"ಮೊದಲನೇ ಕೀರ್ತನೆ ಎತ್ತೋಕೆ ನಿಂತೆ" ಅಂದರು ಅತ್ತೆ. "ಮಾಹದೇಬೆ ನನ್ನ ಭುಜ ಹಿಡಿದು ಕೂರಿಸಿದ್ಲು. ಕಿವಿ ಹತ್ರ ಬಂದು ಕೂಗಿದ್ಲು, ಮಾಶೆಜಿ, ನಿಮಗೆ ವಿಶ್ರಾಂತಿ ಬೇಕು, ಕಿವಿ ಕೇಳದೆ ಶ್ರುತಿ ಹಿಡಿಯೋದು ಕಷ್ಟ, ಇನ್ಮೇಲೆ ಮಾಜಾಲಿ ಎತ್ತಲಿ ಅಂತ. ಮಾಜಾಲಿ ಎತ್ತಿದ್ಲು. ಮೇಕೆ ಎತ್ತಿದ ಹಾಗೆ."

"ಅಮ್ಮಾ..." ಗಂಡ ಬಾಯಿ ತೆರೆದ.

"ಇಪ್ಪತ್ತಾರು ವರ್ಷ."

"ಅಮ್ಮಾ, ಆ ವೈರ್..."

"ಯಾವ ವೈರು?" ಅತ್ತೆ ಅವನ ಕಡೆ ಪೂರ್ತಿ ತಿರುಗಿದರು. "ಸೋಮವಾರದ ಹೊತ್ತಿಗೆ ತೆಗೆದು, ಗುರುವಾರ ಮಧ್ಯಾಹ್ನ ಸಿಗಿಸಿ, ಗುರುವಾರ ಸಂಜೆ ಮತ್ತೆ ತೆಗಿಯೋ ವೈರಾ?"

ಜಖೇಲೆ ಕೈಯಿಂದ ಲೋಟ ಜಾರಿ ನೀರಿನೊಳಗೆ ಬಿತ್ತು.

"ಮೊದಲನೇ ದಿನವೇ ಹಾಸಿನ ಕೆಳಗೆ ಕೈ ಹಾಕ್ಕೊಂಡು ಹೋದೆ. ತುದಿ ಇಲಿ ಬಾಲದ ಹಾಗೆ ಬಿದ್ದಿತ್ತು. ಮಗ ಹೇಳ್ತಾನೆ ಅಂತ ಕಾದೆ. ಹದಿನೆಂಟು ದಿನ ಕಾದೆ. ದೇವರು ಗುರುವಾರ ಮಾತ್ರ ನೋಡ್ತಾನೆ ಅಂದ್ಕೊಂಡ್ಯಾ ಭೆಕುಯಿಸೆ?"

"ಸೋಮವಾರವೇ ಬೈಬಹುದಿತ್ತು ನೀನು."

"ಬೈದಿದ್ರೆ ನೀನು ಸಿಗಿಸಿರ್ತಿದ್ದೆ. ಹೇಳಿರ್ತಿರಲಿಲ್ಲ."

"ಹಾಗಾದ್ರೆ ಅವರ ಮುಂದೆ ಕಿವುಡಿ ಅಂತ ಯಾಕೆ ಹೇಳ್ದೆ? ನನ್ನ ಮಗ ವೈರ್ ಕಿತ್ತಿದ್ದಾನೆ ಅನ್ಬೇಕಿತ್ತು."

"ಇಡೀ ಸಂಘದ ಮುಂದೆ ಹೆತ್ತ ಮಗನ್ನ ಕಳ್ಳ ಅನ್ಲಾ?" ಅತ್ತೆ ಎದ್ದು ಟೋಪಿ ತೆಗೆದು ಮೇಜಿನ ಮೇಲಿಟ್ಟರು. "ಅದನ್ನ ನೀನೇ ಹೇಳ್ಕೊ. ನನ್ನ ಕೀರ್ತನೆ ನನಗೆ ವಾಪಸ್ ತಂದುಕೊಡು. ಮಾಸಿತೋಲೆ, ಚಹಾ. ಸಕ್ಕರೆ ಮೂರು."

ಆ ವಾರ ಗಂಡ ಏನೇನು ಉಪಾಯ ಹುಡುಕಿದ ಅಂತ ಬರೆದರೆ ಮುಗಿಯುವುದಿಲ್ಲ. ಮಾಹದೇಬೆಗೆ ಫೋನ್ ಮಾಡಿದರಾಗುವುದಿಲ್ಲವೇ ಅಂದ. ಕ್ಲಿನಿಕ್ಕಿನಿಂದ ಅಮ್ಮನ ಕಿವಿ ಸರಿಯಿದೆ ಅಂತ ಚೀಟಿ ತರೋಣ ಅಂದ. "ಪಿಳ್ಳೈ ತಪ್ಪು ಅಂತ ಹೇಳಿದ್ರೆ?" ಅಂದಾಗ ಜಖೇಲೆಯೇ, "ಬಾಬಾ, ಆ ಮನುಷ್ಯ ಸರಿಯಾಗಿಯೇ ಹಾಕಿಕೊಟ್ಟಿದ್ದಾನೆ" ಅಂದ. ಅತ್ತೆ ಏನೂ ಕೇಳಿಸದವರ ಹಾಗೆ ಬಟಾಣಿ ಬಿಡಿಸುತ್ತಿದ್ದರು. ಬೆಳಗಿನ ಸವಾರಿಗೂ ಹೋಗಲಿಲ್ಲ. ಮಕ್ಕಳು ಜಖೇಲೆಯನ್ನು ಕೇಳಿದರಂತೆ, ಗೋಗೋಗೆ ಹುಷಾರಿಲ್ವಾ ಅಂತ.

ಗುರುವಾರ ಬಂತು. ಗಂಡ ಮದುವೆಯ ಕೋಟು ಹಾಕಿಕೊಂಡ. ಹೊಟ್ಟೆಯ ಮೇಲೆ ಗುಂಡಿ ಕೂಡಲಿಲ್ಲ. ನಾನು ಪಾಳಿ ಬದಲಿಸಿಕೊಂಡು ಜೊತೆಗೆ ಹೋದೆ.

ತಾಯಂದಿರ ಸಭೆಗೆ ಗಂಡಸರು ಹೋಗುವಂತಿಲ್ಲ. ಅವನು ಬಾಗಿಲ ಮೆಟ್ಟಿಲ ಮೇಲೆ ಟೋಪಿ ಕೈಯಲ್ಲಿ ಹಿಡಿದು ನಿಂತ. ಒಳಗೆ ನಲವತ್ತು ಕೆಂಪು ರವಿಕೆಗಳು ಒಟ್ಟಿಗೆ ತಿರುಗಿದವು.

"ಗಂಡಸರ ಸಭೆ ಶನಿವಾರ" ಅಂದರು ಮಾಹದೇಬೆ.

"ಗೊತ್ತು ತಾಯಿ. ನನ್ನದು ಎರಡೇ ಮಾತು. ನಮ್ಮಮ್ಮ ಕಿವುಡಿ ಅಲ್ಲ."

"ಹಾಗಂತ ಅವರೇ ಹೇಳಿದ್ರು."

"ಸುಳ್ಳು ಹೇಳಿದ್ಲು. ನನಗೋಸ್ಕರ." ಬೆವರು ಕೋಟಿನ ಕಾಲರಿಗೆ ಇಳಿಯುತ್ತಿತ್ತು. "ಗಾಡೀಲಿ ಒಂದು ನಾಬ್ ಇದೆ. ಗುದ್ದು ಇಳಿಸೋಕೆ. ಅದು ಅಮ್ಮನದು. ಅದರ ವೈರ್ ನಾನು ಕಿತ್ತೆ. ಅಮ್ಮನಿಗೆ ಹೇಳದೆ."

"ಯಾಕೆ?"

"ಅವಳು ಶಾಲೆ ಮಕ್ಕಳಿಗೆ ಬೇಸ್ ಕೊಡ್ತಿರಲಿಲ್ಲ. ಅಂಗಿ ಒಳಗೆ ಹಾಕ್ಕೊಂಡ್ರೆ ಮಾತ್ರ ಕೊಡ್ತಿದ್ಲು."

ಒಳಗೆ ಯಾರೋ ಕಿಸಕ್ಕನೆ ನಕ್ಕರು. ಮಾಹದೇಬೆ ನಗಲಿಲ್ಲ. "ಸೀಟಿನ ಕೆಳಗೆ ಕತ್ತಲು. ನಿಮ್ಮ ಕಾಲು ಬೇರೆ ಹೀಗಿದೆ. ಒಬ್ಬರೇ ಹೇಗೆ ಕಿತ್ರಿ?"

ಗಂಡ ನನ್ನ ಕಡೆ ನೋಡಿದ. ಇಪ್ಪತ್ತೈದು ವರ್ಷದ ಸಂಸಾರ. "ಟಾರ್ಚ್ ಹಿಡಿದಿದ್ದು ಇವಳು" ಅಂದ.

ನಲವತ್ತು ಹೆಂಗಸರು ಒಟ್ಟಿಗೆ ನಕ್ಕರೆ ತಗಡಿನ ಛಾವಣಿ ಅದುರುತ್ತದೆ. ಒಬ್ಬಾಕೆ ಹಾಡಿಗೆ ತಾಳ ಹಾಕುವ ತೊಗಲಿನ ದಿಂಬನ್ನು ಗುದ್ದಿ ಗುದ್ದಿ ನಕ್ಕಳು. ಮಾಹದೇಬೆ ಕಣ್ಣು ಒರೆಸಿಕೊಂಡು, ಕೊನೆಯ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದ ಅತ್ತೆಯ ಕಡೆ ತಿರುಗಿದರು. ದನಿ ತಗ್ಗಿಸಿ, ಪಿಸುಗುಟ್ಟುವಷ್ಟು ತಗ್ಗಿಸಿ, "ಮಾಶೆಜಿ, ಎತ್ತಿ" ಅಂದರು.

ಅತ್ತೆ ಎದ್ದು ಎತ್ತಿದರು. ಮಾಜಾಲಿ ಸೇರಿ ಎಲ್ಲರೂ ಹಿಂದೆ ಬಂದರು. ನಾವಿಬ್ಬರೂ ಮೆಟ್ಟಿಲ ಮೇಲೆ ನಿಂತೇ ಕೇಳಿದೆವು.

ಸಭೆ ಮುಗಿದ ಮೇಲೆ ಗಂಡ ಮುಂದಿನ ಬಾಗಿಲು ತೆರೆದು ಹಿಡಿದ. "ಅಮ್ಮಾ, ಹತ್ತು. ವೈರ್ ಸಿಗ್ಸಿದ್ದೀನಿ. ಜಖೇಲೆ ಅದಕ್ಕೆ ಟೇಪ್ ಬೇರೆ ಸುತ್ತಿದ್ದಾನೆ. ನೀನೇ ತಿರುಗ್ಸಿ ನೋಡು."

ಅತ್ತೆ ಎರಡನೆಯ ಸಾಲಿನ ಬಾಗಿಲು ತಾವೇ ಎಳೆದು ಹತ್ತಿ ಕೂತರು.

"ಮುಂದೆ ಬಾ ಅಮ್ಮ."

"ಇಲ್ಲೇ ಚೆನ್ನಾಗಿದೆ. ಕಾಲು ಚಾಚ್ಬಹುದು."

"ನಾಬ್ ಮುಂದಿದೆ."

"ಇರಲಿ. ನಿನಗೆ ಬೇಕಾದಾಗ ಕೊಟ್ಟು, ಬೇಡ ಅಂದಾಗ ಕಿತ್ಕೊಳ್ಳೋದಾದ್ರೆ ಅದು ನನ್ನದಲ್ಲ, ನಿನ್ನದೇ. ನಡಿ ಜಖೇಲೆ, ಅಂಗಡಿ ಹತ್ರ ನಿಲ್ಸು, ಬ್ರೆಡ್ ತಗೋಬೇಕು."

ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ಗಂಡನಿಗೆ ಸಮಾಧಾನವಾಗುತ್ತಿತ್ತು. ಆಮೇಲೆ ಅವನು ಮೂರು ಸಲ ಕೇಳಿದ, ಒಂದು ಸಲ ನನ್ನಿಂದ ಕೇಳಿಸಿದ. ಅತ್ತೆ ಅವನಿಗೆ ಮೊದಲಿನ ಹಾಗೆಯೇ ಮೊಸರು ಬಡಿಸುತ್ತಾರೆ, ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಗಾಡಿಯಲ್ಲಿ ಎರಡನೆಯ ಸಾಲಿನಲ್ಲಿ ಕೂರುತ್ತಾರೆ.

ಈಗ ನಾಬ್ ತಿರುಗಿಸುವವನು ಜಖೇಲೆ. ಬೆಳಿಗ್ಗೆ ಏರಿಸುತ್ತಾನೆ, ಗುರುವಾರ ಯಾರೂ ಹೇಳದೆಯೇ ಇಳಿಸುತ್ತಾನೆ. ಮಕ್ಕಳು ತುಂಬಿದ್ದಾರೆ. ನನ್ನ ಗಂಡ ತನ್ನ ತಾಯಿಗೆ ಕೊಟ್ಟ ಮಾತು ಹನ್ನೆರಡು ವರ್ಷ ನಡೆಯಿತು. ಆಮೇಲೆ ಅವನೇ ಅದನ್ನು ಮುರಿದ.